ಸೊಪ್ಪಿನ ಸುದ್ದಿಗೆ ಬೀಗ ಹಾಕಿದವರು

‘ಡಿಯರ್ ಡೆವಲಪರ್’ ಎಂದು ಶುರುವಾಗುವ ಆ ಇ-ಮೇಲ್ ಬಂದಾಗ ನನ್ನ ಎರಡೂ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪಿತ್ತು. ಭಾನುವಾರದ ಬೆಳಿಗ್ಗೆ. ನಮ್ಮ ರೇಷ್ಮೆ ಹುಳ ಮೂರನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಮುಟ್ಟದೆ, ಅಲ್ಲಾಡದೆ ಮಲಗಿಬಿಡುತ್ತವಲ್ಲ, ಅದನ್ನೇ ನಮ್ಮ ಕಡೆ ಜ್ವರ ಅನ್ನುವುದು. ಎದ್ದ ಹುಳಕ್ಕೆ ಮೊದಲ ಮೇವು ಹಾಕುವ ಹೊತ್ತಿನಲ್ಲಿ ಅಮ್ಮ ಯಾರನ್ನೂ ಮಾತನಾಡಲು ಬಿಡುವುದಿಲ್ಲ. ಜೇಬಿನಲ್ಲಿ ಫೋನು ಸದ್ದು ಮಾಡಿದ್ದಕ್ಕೇ ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿದಳು.

ಮೇವು ಹಾಕಿ ಮುಗಿಸಿ, ಹುಳು ಮನೆಯ ಹೊಸ್ತಿಲ ಮೇಲೆ ಕೂತು ಓದಿದೆ. ಬರೆದವರು ಒಂದು ದೊಡ್ಡ ಸಾಮಾಜಿಕ ಜಾಲತಾಣದ ಕಂಪನಿಯವರು. ಹೆಸರು ಬೇಡ, ನಮ್ಮೂರಿನ ಪ್ರತಿ ಫೋನಿನಲ್ಲೂ ಅವರಿದ್ದಾರೆ. ಜಾಲತಾಣದಲ್ಲಿ ಜನ ಬರೆದದ್ದನ್ನು ಪ್ರೋಗ್ರಾಂ ಮೂಲಕ ತೆಗೆದುಕೊಳ್ಳುವ ಹೊರಗಿನವರೆಲ್ಲ ಇನ್ನು ಮುಂದೆ ಹಣ ಕಟ್ಟಬೇಕು, ಮೂವತ್ತು ದಿನ ಸಮಯವಿದೆ, ಆಮೇಲೆ ನಿಮ್ಮ ಕೀ ಕೆಲಸ ಮಾಡುವುದಿಲ್ಲ ಎಂದಿದ್ದರು. ಕೀ ಅಂದರೆ ನನಗೆ ಅವರು ಕೊಟ್ಟಿದ್ದ ಅಕ್ಷರ, ಅಂಕಿಗಳ ಒಂದು ಉದ್ದನೆಯ ಸಾಲು. ಅದನ್ನು ತೋರಿಸಿದರೆ ಕಂಪನಿಯ ಯಂತ್ರ ನನ್ನ ಪ್ರೋಗ್ರಾಂ ಕೇಳಿದ್ದನ್ನು ಹುಡುಕಿ ಕೊಡುತ್ತಿತ್ತು, ಬಿಟ್ಟಿಯಾಗಿ. ಕೆಳಗೆ ದರಪಟ್ಟಿ ಇತ್ತು. ಅದರಲ್ಲಿ ಎಲ್ಲಕ್ಕಿಂತ ಚಿಕ್ಕ ದರವೂ ಕಾಲೇಜು ನನಗೆ ತಿಂಗಳಿಗೆ ಕೊಡುವ ಸಂಬಳಕ್ಕಿಂತ ಜಾಸ್ತಿಯಾಗಿತ್ತು.

“ಯಾರಮ್ಮಾ ಅದು, ಬೆಳಿಗ್ಗೆ ಬೆಳಿಗ್ಗೇನೆ?” ಅಂದಳು ಅಮ್ಮ.

“ನಾವು ಬರ್ದಿದ್ದನ್ನ ನಾವು ತಗೋಳೋಕೆ ದುಡ್ಡು ಕೊಡ್ಬೇಕಂತೆ.”

“ಯಾರಿಗೆ?”

“ಅದನ್ನ ಇಟ್ಕೊಂಡಿರೋರ್ಗೆ.”

“ಅವ್ರೇನ್ ಬರ್ದವ್ರೆ ಅದ್ರಲ್ಲಿ?”

“ಏನೂ ಇಲ್ಲ.”

ಅಮ್ಮ ಪೊರಕೆ ಕೈಗೆತ್ತಿಕೊಂಡಳು. ಅವಳ ಮಟ್ಟಿಗೆ ಆ ವಿಷಯ ಅಲ್ಲಿಗೇ ತೀರ್ಮಾನವಾಗಿತ್ತು. ನನಗೆ ತೀರ್ಮಾನವಾಗಲು ಇನ್ನೂ ಒಂದು ತಿಂಗಳು ಹಿಡಿಯಿತು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಮ್ಮ ಶಿಡ್ಲಘಟ್ಟ ತಾಲ್ಲೂಕಿನ ಊರೂರಿನ ತೋಟಗಳಲ್ಲಿ ಕೂಲಿಗೆ ಸೊಪ್ಪು ಕೊಯ್ದವಳು. ಬೆಳಗಿನ ಜಾವಕ್ಕೆ ಟೆಂಪೋ ಹತ್ತಿ, ಹತ್ತು ಹೆಂಗಸರ ಜೊತೆ ನಿಂತುಕೊಂಡೇ ಹೋಗಿ ಬಂದವಳು. ಚಿಂತಾಮಣಿಯ ಸರ್ಕಾರಿ ಕಾಲೇಜಿನಲ್ಲಿ ನಾನು ಬಿ.ಸಿ.ಎ. ಓದಿದ್ದು ಆ ಕೂಲಿಯಲ್ಲಿ. ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂರು ಜನ. ಮುಂದೆ ಕೂರುತ್ತಿದ್ದವರು ಮನೆಯಲ್ಲೂ ಕಂಪ್ಯೂಟರ್ ಇದ್ದವರು. ಕೀಬೋರ್ಡು ನನ್ನ ಕೈಗೆ ಸಿಗಲು ತಿಂಗಳಾಯಿತು; ಸಿಕ್ಕ ಮೇಲೆ ಬಿಡಲಿಲ್ಲ. ಎಂ.ಸಿ.ಎ. ಮುಗಿಸಿ ಈಗ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ತಾತನಿಗೆ ಸರ್ಕಾರ ಕೊಟ್ಟಿದ್ದ, ಬರೀ ಕಲ್ಲಿದ್ದ ಒಂದು ಎಕರೆಯಲ್ಲಿ ಈಗ ಹಿಪ್ಪುನೇರಳೆ ಇದೆ. ಹುಳು ಮನೆಯನ್ನು ನಾವೇ ಕಟ್ಟಿಕೊಂಡೆವು. ಇದನ್ನೆಲ್ಲ ಹೇಳುವಾಗ ನನ್ನ ದನಿಯಲ್ಲಿ ಜಂಬವಿದೆ ಎಂದು ಕೆಲವರು ಅನ್ನುತ್ತಾರೆ. ಇದೆ.

ಆ ಪ್ರೋಗ್ರಾಂ ಹುಟ್ಟಿದ್ದು ಒಂದು ಬೆಳೆ ಸತ್ತಿದ್ದರಿಂದ. ರೇಷ್ಮೆ ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗೂ ಮಿಕ್ಕಿ ತಿನ್ನುವುದು ನಾಲ್ಕನೇ ಜ್ವರದಿಂದ ಎದ್ದ ಮೇಲಿನ ಒಂದು ವಾರದಲ್ಲಿ. ಆ ವಾರ ಸೊಪ್ಪು ಕಡಿಮೆ ಬಿದ್ದರೆ ಅಲ್ಲಿಯವರೆಗಿನ ಕೆಲಸವೆಲ್ಲ ಮಣ್ಣುಪಾಲು. ಅಂಥ ವಾರದಲ್ಲೇ ನಮ್ಮ ತೋಟಕ್ಕೆ ಎಲೆ ಸುರುಳಿ ಹುಳ ಬಿತ್ತು. ಅಮ್ಮ ನಾಲ್ಕು ಊರು ತಿರುಗಿದಳು, ಎರಡು ಹೊರೆ ಸಿಕ್ಕಿತು. ರೇಷ್ಮೆ ಹುಳ ತಲೆ ಎತ್ತಿ ಎತ್ತಿ ಹುಡುಕಿ ಸೋತವು. ಅವನ್ನೆಲ್ಲ ತಿಪ್ಪೆಗುಂಡಿಗೆ ಸುರಿದು, ಅಮ್ಮ ತಟ್ಟೆಗಳನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದಳು. ಒಂದು ವಾರದ ಮೇಲೆ, ಬಸ್ಸಿನಲ್ಲಿ ಕೂತು ಫೋನು ನೋಡುತ್ತಿದ್ದಾಗ, ಗೌರಿಬಿದನೂರು ಕಡೆಯ ಒಬ್ಬರು ಅದೇ ದಿನಗಳಲ್ಲಿ ಜಾಲತಾಣದಲ್ಲಿ ಬರೆದದ್ದು ಕಣ್ಣಿಗೆ ಬಿತ್ತು: ಸೊಪ್ಪು ಬಲಿತು ಹಾಳಾಗ್ತಿದೆ, ಹುಳ ಇಲ್ಲ, ಬೇಕಾದವರು ಕೊಯ್ದುಕೊಂಡು ಹೋಗಿ. ನಾನು ಇಳಿಯಬೇಕಾದ ಸ್ಟಾಪು ಹಿಂದೆ ಹೋಯಿತು.

ನಮ್ಮ ಜನ ಇಂಥ ಮಾತನ್ನು ನೆಟ್ಟಗೆ ಬರೆಯುವುದಿಲ್ಲ. ‘ಸೊಪ್ಪು ಐತೆ’ ಎಂದು ಒಬ್ಬರು, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಬ್ಬರು. ಚಿಂತಾಮಣಿ ದಾಟಿದರೆ ತೆಲುಗಿನಲ್ಲಿ ‘ಆಕು ಉಂದಿ’. ಕೆಲವರು ಮೊದಲು ಸರ್ಕಾರವನ್ನು ಬೈದು, ರೇಷ್ಮೆ ಮೊಟ್ಟೆ ಮಾರುವ ಕಂಪನಿಯನ್ನು ಬೈದು, ಕೊನೆಯ ಸಾಲಿನಲ್ಲಿ ಸೊಪ್ಪಿನ ವಿಷಯ ಹೇಳುತ್ತಾರೆ. ಇದೆಲ್ಲವನ್ನೂ ಒಂದೊಂದಾಗಿ ನನ್ನ ಪ್ರೋಗ್ರಾಮಿಗೆ ಕಲಿಸಿದೆ. ಎರಡು ಬೇಸಿಗೆ ರಜೆ ಅದಕ್ಕೇ ಹೋದವು. ಎಲ್ಲಿ ಸೊಪ್ಪಿದೆ, ಯಾರನ್ನು ಕೇಳಬೇಕು ಎನ್ನುವುದನ್ನು ಅದು ಹೆಕ್ಕಿ, ಸೊಪ್ಪು ಬೇಕು ಎಂದು ನಂಬರು ಕೊಟ್ಟಿದ್ದವರಿಗೆಲ್ಲ ಮೆಸೇಜ್ ಕಳಿಸುತ್ತಿತ್ತು. ಬಟನ್ ಫೋನಿಗೂ ಹೋಗುತ್ತಿತ್ತು. ಯಾರಿಂದಲೂ ಒಂದು ಪೈಸೆ ಮುಟ್ಟಿರಲಿಲ್ಲ. ನಾಲ್ಕು ತಾಲ್ಲೂಕಿನಲ್ಲಿ ಜನ ಅದನ್ನು ‘ಸೊಪ್ಪಿನ ಮೆಸೇಜು’ ಎನ್ನುತ್ತಿದ್ದರು. ನಾನು ಇಟ್ಟಿದ್ದ ಇಂಗ್ಲಿಷ್ ಹೆಸರು ಯಾರಿಗೂ ನೆನಪಿರಲಿಲ್ಲ.

ಇ-ಮೇಲಿನ ವಿಷಯವನ್ನು ಕಾಲೇಜಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಗೌರಿಬಿದನೂರು ಕಡೆಯ ದೊಡ್ಡ ಜಮೀನಿನ ಮನೆಯವರು, ಕಾಮರ್ಸ್ ಮೇಷ್ಟ್ರು, ಮನುಷ್ಯ ಒಳ್ಳೆಯವರೇ. ಮೆಸೇಜಿಗೆ ಇಷ್ಟು ಅಂತ ರೈತರಿಂದ ತಗೊಂಡು ಅವರಿಗೆ ಕಟ್ಟಿಬಿಡು, ಇಲ್ಲ ಮುಚ್ಚಿಬಿಡು ಎಂದರು.

“ಅವ್ರ ಅಂಗ್ಡಿ, ಅವ್ರ ರೇಟು. ನೀನ್ಯಾಕಮ್ಮಾ ಬಿಸಿಯಾಗ್ತೀಯಾ?”

“ಅಂಗ್ಡಿ ಅವ್ರ್ದೇ ಸಾರ್. ಸಾಮಾನು ನಮ್ದು.”

ಅವರು ನಕ್ಕರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಯಂತ್ರ ಓಡಲು ಕರೆಂಟು ಬೇಕು, ಜನ ಬೇಕು. ಅದನ್ನು ಪಾಠ ಮಾಡುವವಳೇ ನಾನು. ಜಾಲತಾಣದಲ್ಲಿ ಬಿದ್ದಿರುವ ಮಾತುಗಳನ್ನೆಲ್ಲ ದೊಡ್ಡ ದೊಡ್ಡ ಕಂಪನಿಗಳು ಬಾಚಿಕೊಂಡು ಹೋಗಿ ತಮ್ಮ ಯಂತ್ರಗಳಿಗೆ ತಿನ್ನಿಸುತ್ತಿದ್ದವು, ಅವರನ್ನು ತಡೆಯುವುದಕ್ಕೆ ಈ ದರ ಎಂದೂ ಎಲ್ಲೋ ಓದಿದ್ದೆ. ತಡೆಯಲಿ. ಆದರೆ ಲಾರಿಗಟ್ಟಲೆ ತುಂಬಿಕೊಳ್ಳುವವರಿಗೂ, ಒಂದು ಹೊರೆ ಸೊಪ್ಪು ಎಲ್ಲಿದೆ ಎಂದು ಕೇಳುವವರಿಗೂ ಒಂದೇ ಬಾಗಿಲು, ಒಂದೇ ದರಪಟ್ಟಿ ಅಂದರೆ ಅದು ಯಾರನ್ನು ಹೊರಗಿಡಲು ಹಾಕಿದ ಬಾಗಿಲು?

ನನ್ನ ತಾತ ಊರಿನ ದೊಡ್ಡ ಬಾವಿ ತೋಡಿದವರಲ್ಲಿ ಒಬ್ಬ. ನೀರು ಬಂದ ಮೇಲೆ ಆ ಬಾವಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಬಿಂದಿಗೆಯನ್ನು ಕೆಳಗಿಟ್ಟು, ಯಾರಾದರೂ ಸೇದಿ ಮೇಲಿಂದ ಹುಯ್ಯುವವರೆಗೆ ನಿಂತಿರಬೇಕಿತ್ತು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಆದದ್ದು ಬೇರೆ, ಅದಕ್ಕೆ ಇದನ್ನು ಹೋಲಿಸಿದರೆ ಅವನಿಗೇ ಅವಮಾನ. ಆದರೆ ಆ ನಿಂತಿರುವುದಿದೆಯಲ್ಲ, ಅದರ ಗುರುತು ನನಗೆ ಸಿಕ್ಕಿತು.

ಆದರೂ ಒಂದು ಸಲ ನಾನೂ ಬಿಂದಿಗೆ ಹಿಡಿದು ನಿಂತೆ. ಸಾರ್ವಜನಿಕ ಒಳಿತಿಗಾಗಿ ಕೆಲಸ ಮಾಡುವವರು ವಿನಾಯಿತಿ ಕೇಳಬಹುದು ಎಂದು ಒಂದು ಅರ್ಜಿ ಇಟ್ಟಿದ್ದರು. ಸಂಸ್ಥೆಯ ಹೆಸರು? ಇಲ್ಲ. ಎಷ್ಟು ಜನ ನೌಕರರು? ಒಂದರಿಂದ ಹತ್ತು ಎಂಬುದಕ್ಕಿಂತ ಕಡಿಮೆ ಅಲ್ಲಿರಲಿಲ್ಲ. ಅದನ್ನೇ ಒತ್ತಿದೆ, ನಾನು ಮತ್ತು ಅಮ್ಮ ಅಂದುಕೊಂಡು. ನಿಮ್ಮ ಕೆಲಸದಿಂದ ಯಾರಿಗೆ ಏನು ಉಪಯೋಗ ಎಂಬ ಪುಟ್ಟ ಚೌಕದಲ್ಲಿ ಹುಳದ ಕೊನೆಯ ವಾರದ ಹಸಿವನ್ನು ಇಂಗ್ಲಿಷಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದೆ. ಬರೆದು ಮುಗಿಸಿದಾಗ, ಆದಾಯ ಪ್ರಮಾಣಪತ್ರ ಹಿಡಿದುಕೊಂಡು ಹಾಸ್ಟೆಲಿನ ಆಫೀಸಿನ ಮುಂದೆ ನಿಂತಿದ್ದ ಹದಿನೇಳು ವರ್ಷದ ನಾನು ನೆನಪಾದೆ. ಉತ್ತರ ಎರಡೇ ನಿಮಿಷಕ್ಕೆ ಬಂತು. ಅಷ್ಟು ಬೇಗ ಯಾವ ಮನುಷ್ಯನೂ ಅದನ್ನು ಓದಿರಲಾರ. ಧನ್ಯವಾದ, ನಿಮ್ಮ ವ್ಯಾಪಾರಕ್ಕೆ ಈ ಪ್ಲಾನ್ ಸೂಕ್ತ ಎಂದಿತ್ತು.

ಕೊನೆಯ ವರ್ಷದ ಒಬ್ಬಳು ವಿದ್ಯಾರ್ಥಿನಿ, ಕೀ ಇಲ್ಲದೆಯೂ ಅವರ ಪುಟಗಳನ್ನು ಕದ್ದು ಎಳೆದುಕೊಳ್ಳುವ ದಾರಿ ಇದೆ ಮೇಡಂ ಎಂದಳು. ದಾರಿ ನನಗೂ ಗೊತ್ತಿತ್ತು. ನಮ್ಮ ತೋಟದ ಸೊಪ್ಪಿನ ಸುದ್ದಿಯನ್ನು ನಾನು ಕಳ್ಳಿಯ ಹಾಗೆ ಗೋಡೆ ಹಾರಿ ತರುವುದಿಲ್ಲ ಎಂದೆ. ಕಟ್ಟುವುದಿಲ್ಲ, ಕದಿಯುವುದಿಲ್ಲ, ಇನ್ನು ಕೇಳುವುದೂ ಇಲ್ಲ. ಮುಂದೆ ಏನು ಮಾಡುತ್ತೇನೆ ಎಂದು ಮಾತ್ರ ಗೊತ್ತಿರಲಿಲ್ಲ.

ಹೇಳಿದ ದಿನಕ್ಕೆ ಸರಿಯಾಗಿ ಕೀ ಸತ್ತಿತು. ಅನುಮತಿ ಇಲ್ಲ ಎಂಬ ಒಂದೇ ಸಾಲು. ನಾಲ್ಕು ದಿನ ಯಾರೂ ಏನೂ ಕೇಳಲಿಲ್ಲ. ಐದನೇ ದಿನ ಮಧ್ಯಾಹ್ನ ಮುರುಗಮಲ್ಲದ ಹತ್ತಿರದ ಊರಿನಿಂದ ಒಬ್ಬ ಹೆಂಗಸಿನ ಫೋನು ಬಂತು. ಹಿಂದೆ ಎರಡು ಸಲ ನನ್ನ ಮೆಸೇಜಿನಿಂದ ಸೊಪ್ಪು ಹುಡುಕಿಕೊಂಡವರು, ಮುಖ ನೋಡಿರಲಿಲ್ಲ. ಗಂಡ ಬಸ್ ಕಂಡಕ್ಟರು, ಜಮೀನು, ಹುಳ ಎಲ್ಲ ಇವರ ಮೇಲೆ.

“ಮೆಸೇಜ್ ಯಾಕ್ ಬರ್ತಿಲ್ಲ ಮೇಡಂ? ಪಕ್ಕದೋರು ಟೊಮೇಟೊಗೆ ಔಷ್ಧಿ ಹೊಡ್ದವ್ರೆ, ಗಾಳಿಗೆ ಎಲ್ಲಾ ನಮ್ ಸೊಪ್ಪಿನ್ ಮೇಲೆ ಬಂದೈತೆ. ನಾಲ್ಕನೇ ಜ್ವರ ಎದ್ದು ಮೂರ್ ದಿನ. ನಾಳೆಗೆ ಒಂದೆಲೆ ಇಲ್ಲ. ಏಮಿ ಚೇಸೇದಿ ಚೆಪ್ಪಮ್ಮಾ.”

ಏನು ಮಾಡಲಿ ಹೇಳಮ್ಮಾ ಎಂದು ಅವರು ಕೇಳಿದ್ದಕ್ಕೆ ನಾನು ಕಂಪನಿ, ಕೀ, ದರಪಟ್ಟಿ ಎಂದು ಶುರು ಮಾಡಿದೆ. ಕೊನೆಗೆ, ಅದೆಲ್ಲ ಕ್ಲೋಸ್ ಆಗಿದೆ ಎಂದೆ.

“ಕ್ಲೋಸ್ ಅಂದ್ರೆ? ಎಲ್ಲೂ ಸೊಪ್ಪೇ ಇಲ್ವಾ?”

ಸುಮ್ಮನೆ, ತಿಳಿಯದೆ ಕೇಳಿದ ಪ್ರಶ್ನೆ. ಅದು ನನ್ನ ಕಿವಿ ಹಿಂಡಿದ ಹಾಗಾಯಿತು. ಸೊಪ್ಪು ಇದ್ದೇ ಇದೆ. ನಾಲ್ಕು ತಾಲ್ಲೂಕಿನಲ್ಲಿ ಇವತ್ತೂ ಎಲ್ಲೋ ಒಂದು ತೋಟ ಬಲಿತು ನಿಂತಿದೆ. ಬೀಗ ಬಿದ್ದಿರುವುದು ಸುದ್ದಿಗೆ. ನಾನು ತಿಂಗಳಿಂದ ಬೀಗವನ್ನೇ ನೋಡುತ್ತಾ ನಿಂತಿದ್ದೆ. ಒಂದು ಗಂಟೆ ಕೊಡಿ ಅಕ್ಕಾ ಎಂದು ಫೋನಿಟ್ಟು, ಅರ್ಧ ದಿನದ ರಜೆ ಹಾಕಿ, ಮನೆಯ ಬಸ್ಸು ಹಿಡಿದೆ.

ಸೊಪ್ಪು ಇದ್ದವರೆಲ್ಲ ಜಾಲತಾಣದಲ್ಲಿ ಬರೆಯುತ್ತಿದ್ದವರು, ಅವರ ನಂಬರು ಯಾವುದನ್ನೂ ನಾನು ಇಟ್ಟುಕೊಂಡಿರಲಿಲ್ಲ. ಬೇಕಾದಾಗ ಯಂತ್ರ ಕೊಡುತ್ತದಲ್ಲ ಎಂಬ ಸೊಕ್ಕು. ನನ್ನ ಹತ್ತಿರ ಇದ್ದದ್ದು ಸೊಪ್ಪು ಬೇಕು ಎಂದಿದ್ದವರ ನಂಬರುಗಳು ಮಾತ್ರ. ಬಸ್ಸು ಚಿಕ್ಕಬಳ್ಳಾಪುರ ಬಿಟ್ಟು ಸ್ವಲ್ಪ ಮುಂದೆ ಬಂದಾಗ ಹೊಳೆಯಿತು: ಈ ತಿಂಗಳು ಸೊಪ್ಪು ಬೇಕೆಂದವರ ತೋಟದಲ್ಲಿ ಮುಂದಿನ ತಿಂಗಳು ಸೊಪ್ಪು ಮಿಗುತ್ತದೆ. ಬೇಕಾದವರೂ ಇರುವವರೂ ಒಂದೇ ಜನ. ಅವರಿಗೆಲ್ಲ ಒಂದೇ ಮೆಸೇಜ್ ಹಾಕಿದೆ, ಸೊಪ್ಪು ಇದ್ದವರು ಮಿಸ್ಡ್ ಕಾಲ್ ಕೊಡಿ ಎಂದು. ಮನೆ ಮುಟ್ಟುವಷ್ಟರಲ್ಲಿ ಮಿಸ್ಡ್ ಕಾಲುಗಳು ಬಂದಿದ್ದವು. ತಿರುಗಿ ಫೋನು ಮಾಡಿದೆ. ಒಬ್ಬರದು ನಿನ್ನೆಯೇ ಕೊಯ್ದಾಗಿತ್ತು, ಒಬ್ಬರ ತೋಟದಲ್ಲಿ ಮೂರು ಹೊರೆಯೂ ಆಗುವಂತಿರಲಿಲ್ಲ, ಇನ್ನಿಬ್ಬರು ಮೆಸೇಜ್ ಮತ್ತೆ ಶುರುವಾಯಿತಾ ಎಂದು ಕೇಳಲು ಮಾಡಿದ್ದರು.

ಅಮ್ಮ ಹುಳದ ಹಿಕ್ಕೆ ಬಳಿಯುತ್ತಾ ನನ್ನ ಪಾಡು ನೋಡುತ್ತಿದ್ದಳು. ವಿಷಯ ಏನೆಂದು ಕೇಳಿ, ಕೈ ತೊಳೆದು, ತನ್ನ ಬಟನ್ ಫೋನು ತೆಗೆದಳು. ಮಾಡಿದ್ದು ತನ್ನ ಹಳೆಯ ಸೊಪ್ಪು ಕೊಯ್ಯುವ ಗುಂಪಿನ ಮೇಸ್ತ್ರಿಗೆ, ಅಂದರೆ ಹೆಂಗಸರನ್ನು ಟೆಂಪೋದಲ್ಲಿ ಕರೆದುಕೊಂಡು ಹೋಗುವವಳಿಗೆ. ಆ ಮೇಸ್ತ್ರಿ ಗೌರಿಬಿದನೂರಿನ ಕಡೆಯ ಇನ್ನೊಬ್ಬ ಮೇಸ್ತ್ರಿಯ ನಂಬರು ಕೊಟ್ಟಳು. ಅಮ್ಮ ಇಬ್ಬರ ಹತ್ತಿರವೂ ಮೊದಲು ಮೊಣಕಾಲು ನೋವಿನ ವಿಷಯ ಮಾತಾಡಿದಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಮೇಲೆ ಕೇಳಿದಳು: ನಾಳೆ ಎಲ್ಲಿ ಕೊಯ್ತೀರಾ, ಯಾವ ತೋಟ ಹಂಗೇ ನಿಂತೈತೆ, ಎಷ್ಟು ದಿನದ ಸೊಪ್ಪು. ಅಷ್ಟಕ್ಕೇ ಬಿಡಲಿಲ್ಲ.

“ಪಕ್ಕದಾಗೆ ಏನ್ ಬೆಳೆ ಐತಕ್ಕಾ? ಔಷ್ಧಿ ಯಾವಾಗ ಹೊಡ್ದವ್ರೆ?”

ಈ ಎರಡು ಪ್ರಶ್ನೆಗಳನ್ನು ನನ್ನ ಪ್ರೋಗ್ರಾಂ ಯಾವತ್ತೂ ಯಾರನ್ನೂ ಕೇಳಿರಲಿಲ್ಲ. ಔಷಧಿ ಬಿದ್ದ ಸೊಪ್ಪು ಹುಳಕ್ಕೆ ವಿಷ ಎಂದು ತೊಟ್ಟಿಲಲ್ಲೇ ಕೇಳಿ ಬೆಳೆದವಳು ನಾನು. ಕಂಪ್ಯೂಟರ್ ಮುಂದೆ ಕೂತಾಗ ಅದನ್ನು ಮರೆತಿದ್ದೆ. ಮಾಲೀಕರು ಜಾಲತಾಣದಲ್ಲಿ ಬರೆಯುವುದು ಸೊಪ್ಪು ಮಾರಬೇಕಾದಾಗ; ಔಷಧಿಯ ವಿಷಯ ಬರೆಯುವುದಿಲ್ಲ. ತೋಟದೊಳಗೆ ಸೊಂಟದವರೆಗೆ ನಿಂತು ಕೊಯ್ಯುವವರಿಗೆ ಪಕ್ಕದ ಹೊಲದ ವಾಸನೆ ಕೂಡ ಗೊತ್ತು. ಆ ಹೆಂಗಸರು ಜಾಲತಾಣದಲ್ಲಿ ಯಾವತ್ತೂ ಒಂದಕ್ಷರ ಬರೆದವರಲ್ಲ. ಅವರಿಗೆ ತಿಳಿದದ್ದನ್ನು ಯಾವ ಕಂಪನಿಯೂ ಇಟ್ಟುಕೊಂಡಿಲ್ಲ, ಮಾರುವ ಹಾಗೂ ಇಲ್ಲ. ನಾನು ಒಂದು ತಿಂಗಳು ತಪ್ಪು ಬಾಗಿಲ ಮುಂದೆ ನಿಂತಿದ್ದೆ.

ವಿದುರಾಶ್ವತ್ಥದ ಹತ್ತಿರ ಒಂದು ತೋಟ ಸಿಕ್ಕಿತು. ಒಂದು ಕಡೆ ರಾಗಿ, ಇನ್ನೊಂದು ಕಡೆ ರಸ್ತೆ, ಔಷಧಿಯ ಮಾತಿಲ್ಲ. ಮೇಸ್ತ್ರಿಯ ಗುಂಪೇ ಬೆಳಗಾಗುತ್ತಲೇ ಕೊಯ್ದು, ಒದ್ದೆ ಗೋಣಿ ಹೊದಿಸಿ, ಟೆಂಪೋದಲ್ಲಿ ಕಳಿಸಿತು. ಮುರುಗಮಲ್ಲದ ಬಸ್ಸು ಹಿಡಿದು ನಾನೂ ಹೋದೆ. ಹೋಗಲೇಬೇಕೆಂದೇನಿರಲಿಲ್ಲ, ಆದರೆ ಮನೆಯಲ್ಲಿ ಇರಲು ಆಗಲಿಲ್ಲ.

ಸೊಪ್ಪು ಇಳಿದಾಗ ಹತ್ತು ಗಂಟೆಯಾಗಿತ್ತು. ಹುಳು ಮನೆಯಲ್ಲಿ ಒಂದರ ಮೇಲೊಂದು ಕಟ್ಟಿದ ಅಟ್ಟದ ತುಂಬ ಹುಳ, ಎಲ್ಲವೂ ತಲೆ ಎತ್ತಿ ಹುಡುಕುತ್ತಿದ್ದವು. ಆ ಅಕ್ಕ ಒಂದು ಕಡ್ಡಿ ಎಳೆದು, ಎಲೆ ಮೂಸಿ, ಹತ್ತು ಹುಳವನ್ನು ಬೇರೆ ತಟ್ಟೆಗೆ ಎತ್ತಿಟ್ಟು ಅವಕ್ಕೆ ಮಾತ್ರ ಹಾಕಿದರು. ಉಳಿದವಕ್ಕೆ ಇಲ್ಲ. ಎಲ್ಲವಕ್ಕೂ ಹಾಕಿಬಿಡಿ ಅಕ್ಕಾ, ಅಮ್ಮ ವಿಚಾರಿಸಿದ್ದಾಳೆ, ಔಷಧಿ ಇಲ್ಲ ಎಂದೆ. ಹಸಿದ ಹುಳ ನೋಡಿ ನನಗೆ ನಮ್ಮ ತಿಪ್ಪೆಗುಂಡಿ ನೆನಪಾಗುತ್ತಿತ್ತು.

“ಇರ್ಲಿ ಮೇಡಂ, ಕಾಯಣ.” ತಟ್ಟೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದರು. “ಹಿಂದಿನ್ ಸಲ ನಿಮ್ ಮೆಸೇಜಲ್ಲಿ ಬಂದ್ ಸೊಪ್ಪು ಹಾಕಿದ್ ಹತ್ತೂ ವಾಂತಿ ಮಾಡ್ಕೊಂಡ್ ಸತ್ವು. ಅದನ್ನ ಹಸುಗೂ ಹಾಕ್ಲಿಲ್ಲ, ಗುಂಡಿ ತೆಗ್ದು ಮುಚ್ದೆ.”

“ಹೇಳ್ಲೇ ಇಲ್ವಲ್ಲಕ್ಕಾ.”

“ಓದ್ದೋರು. ಬೇಜಾರ್ ಮಾಡ್ಕೊಂತೀರಿ ಅಂತ.”

ಕಾಫಿಗೆ ಒಳಗೆ ಕರೆದರು. ಹೊಸ್ತಿಲಲ್ಲಿ ನನ್ನ ಕಾಲು ಒಂದು ಗಳಿಗೆ ತಾನಾಗಿಯೇ ನಿಂತಿತು, ಅಭ್ಯಾಸ. ನಮ್ಮಮ್ಮ ಸೊಪ್ಪು ಕೊಯ್ಯೋಕೆ ಹೋಗುತ್ತಿದ್ದವಳು ಎಂದು ಅಲ್ಲೇ ನಿಂತು ಹೇಳಿದೆ, ಬೇಕೆಂದೇ. ಅವರು ನನ್ನ ಮುಖ ನೋಡಿ, ಅದಕ್ಕೇ ಸರಿಯಾದ ಸೊಪ್ಪು ಹುಡುಕಿದ್ದಾರೆ, ಬನ್ನಿ ಆರಿಹೋಗುತ್ತೆ ಎಂದರು. ಅವರ ಲೋಟದಂಥದೇ ಲೋಟದಲ್ಲಿ ಕಾಫಿ ಕುಡಿದೆ. ಎರಡು ಗಂಟೆ ಕಾದೆವು. ಅಮ್ಮ ಎರಡು ಸಲ ಫೋನು ಮಾಡಿದಳು. ಮಧ್ಯಾಹ್ನ ಹೋಗಿ ನೋಡಿದಾಗ ತಟ್ಟೆಯಲ್ಲಿ ಎಲೆಯ ನರ ಬಿಟ್ಟು ಏನೂ ಉಳಿದಿರಲಿಲ್ಲ. ಹತ್ತೂ ಇನ್ನಷ್ಟು ಬೇಕೆಂದು ತಲೆ ಎತ್ತಿದ್ದವು. ಆಮೇಲೆ ನಾವಿಬ್ಬರೂ ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ ಅಟ್ಟದ ತುಂಬ ಮೇವು ಹಾಕಿದೆವು.

ಈಗ ನಮ್ಮದೇ ಒಂದು ನಂಬರು ಇದೆ. ಮೇಸ್ತ್ರಿಗಳು ಟೆಂಪೋ ಇಳಿಯುವಾಗ ಅದಕ್ಕೆ ಫೋನು ಮಾಡಿ, ಆ ದಿನ ನೋಡಿದ ತೋಟಗಳ ವಿಷಯ ಬಾಯಲ್ಲೇ ಹೇಳುತ್ತಾರೆ. ಆ ಕರೆಗೆ ಅವರಿಗೆ ಕೊಡಬೇಕಾದ್ದನ್ನು ಸೊಪ್ಪು ಕೊಂಡವರು ಕೊಡುತ್ತಾರೆ, ಅಮ್ಮ ಹಾಕಿದ ಷರತ್ತು ಅದು. ಪ್ರೋಗ್ರಾಂ ಅದನ್ನು ಊರುಗಳಿಗೆ ಹಂಚುತ್ತದೆ. ಸೊಪ್ಪಿನ ವಿಷಯ ಜಾಲತಾಣದಲ್ಲಿ ಬರೆಯಬೇಡಿ, ಇಲ್ಲಿ ಹೇಳಿ ಎಂದು ಎಲ್ಲರಿಗೂ ತಿಳಿಸಿದ್ದೇನೆ. ಮೊದಮೊದಲು ಕೆಲವರು ನಕ್ಕರು. ಕಾಮರ್ಸ್ ಮೇಷ್ಟ್ರು, ಮತ್ತೆ ಹಳೇ ಕಾಲಕ್ಕೆ ಹೋದ್ಯಾ ಎಂದಿದ್ದರು. ಮೊನ್ನೆ ಅವರೇ ನನ್ನ ಮೇಜಿನ ಹತ್ತಿರ ಬಂದು, ನಮ್ ತೋಟದಲ್ಲಿ ಸೊಪ್ಪು ಮಿಕ್ಕಿದೆ, ಹಾಕ್ಕೊಳಮ್ಮಾ ಎಂದರು. ಪಕ್ಕದಲ್ಲಿ ಏನು ಬೆಳೆ ಸಾರ್, ಔಷಧಿ ಯಾವಾಗ ಹೊಡೆದಿದ್ದಾರೆ ಎಂದೆ. ಗೊತ್ತಿಲ್ಲ ಎಂದರು. ಕೊಯ್ಯುವವರನ್ನು ಕೇಳಿಕೊಂಡು ಬನ್ನಿ ಎಂದು ಕಳಿಸಿದೆ.

ಕಂಪನಿಯ ಇನ್ನೊಂದು ಮೇಲ್ ಬಂದಿದೆ. ನೀವು ಬಹಳ ದಿನದಿಂದ ಬಂದಿಲ್ಲ, ಮರಳಿ ಬನ್ನಿ, ಮೊದಲ ತಿಂಗಳು ಅರ್ಧ ದರ. ಅದನ್ನು ಅಮ್ಮನಿಗೆ ಓದಿ ಹೇಳುತ್ತಿರುವಾಗಲೇ ಮುರುಗಮಲ್ಲದ ಅಕ್ಕನ ಫೋನು ಬಂತು, ಮೇಲನ್ನು ಅಷ್ಟಕ್ಕೇ ಬಿಟ್ಟೆ. ಅವರ ಹುಳ ಆಗಲೇ ಹಣ್ಣಾಗಿ, ಬಿದಿರು ಹೆಣೆದ ಚಂದ್ರಿಕೆ ಹತ್ತಿ ಗೂಡು ಕಟ್ಟಿ, ಆ ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ ತಿಂಗಳ ಮೇಲಾಗಿತ್ತು. ಇವತ್ತು ಬೇರೆ ವಿಷಯ.

“ಬರ್ಕೋ ಮೇಡಂ,” ಎಂದರು. “ನಮ್ ತೋಟ ಚಿಗುರ್ಕೊಂಡೈತೆ, ಐವತ್ತು ದಿನದ್ ಸೊಪ್ಪು. ನಮ್ಗೆ ಈ ಸಲ ಹುಳ ಇಲ್ಲ. ಪಕ್ಕದ್ ಟೊಮೇಟೊ ಕಿತ್ತಾಕವ್ರೆ, ಔಷ್ಧಿ ಇಲ್ಲ. ನಾನೇ ಹತ್ತು ಹುಳಕ್ಕೆ ಹಾಕಿ ನೋಡಿದೀನಿ, ಪಕ್ಕದ್ ಮನೆಯಿಂದ ಈಸ್ಕೊಂಡು.”